ಪ್ಲಗ್ ಕಿತ್ತರೂ ಉಳಿದ ಲೆಕ್ಕ

ದೇವನಹಳ್ಳಿಯ ಹೊರಗೆ ನಾನು ಕೆಲಸ ಮಾಡುವ ಕೇಂದ್ರದಲ್ಲಿ ಮಳೆಯ ಮುನ್ಸೂಚನೆ ಲೆಕ್ಕ ಹಾಕುವ ಸೂಪರ್‌ಕಂಪ್ಯೂಟರ್ ಇದೆ. ನೂರಾರು ಕಂಪ್ಯೂಟರ್‌ಗಳು ಸೇರಿ ಒಂದೇ ಯಂತ್ರದಂತೆ ದುಡಿಯುತ್ತವೆ. ಮೊದಲೆಲ್ಲ ಅದಕ್ಕೊಂದು ಕಾಯಿಲೆಯಿತ್ತು. ಕರೆಂಟ್ ಹೋದರೆ ಮೆಮೊರಿಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆಂಬ ಭಯಕ್ಕೆ, ಲೆಕ್ಕವನ್ನು ಆಗಾಗ ನಿಲ್ಲಿಸಿ ಎಲ್ಲವನ್ನೂ ಫೈಲುಗಳಿಗೆ ಬರೆದಿಡಬೇಕಿತ್ತು. ಅಷ್ಟೂ ಕಂಪ್ಯೂಟರ್‌ಗಳು ಒಮ್ಮೆಲೇ ಡಿಸ್ಕಿಗೆ ಮುಗಿಬೀಳುತ್ತಿದ್ದವು. ಬರೆಯುವುದರಲ್ಲೇ ಹೊತ್ತು ಹೋಗಿ ಮುನ್ಸೂಚನೆ ತಡವಾಗುತ್ತಿತ್ತು.

ನನ್ನ ಜೊತೆ ಕೆಲಸಕ್ಕೆ ಸೇರಿದ್ದ ಗೆಳತಿಯೊಬ್ಬಳು ಒಂದು ದಿನ ಊಟ ಮಾಡುತ್ತ ಕೇಳಿದಳು: "ಮೆಮೊರಿ ಬೇರೆ, ಫೈಲ್ ಬೇರೆ ಅಂತ ಯಾಕೆ ಇಟ್ಕೊಂಡಿದೀವಿ ಕಣೇ? ಕರೆಂಟ್ ಹೋದ್ರೂ ಅಳಿಸದಿರೋ ಮೆಮೊರಿ ಬಂದಿದ್ಯಲ್ಲ. ಎರಡನ್ನೂ ಒಂದೇ ಮಾಡ್ಬಿಡೋಣ."

ಪಕ್ಕದಲ್ಲೇ ಊಟಕ್ಕೆ ಕೂತಿದ್ದ ನಮ್ಮ ಮುಖ್ಯಸ್ಥರು ನಕ್ಕರು. "ಆಗೋ ಮಾತಾ ಇದು? ಮಾಡಿ ತೋರ್ಸಿ, ನಾನೇ ಪ್ಲಗ್ ಕೀಳ್ತೀನಿ."

ಕೆಲವು ಕಂಪ್ಯೂಟರ್‌ಗಳಿಗೆ ಹೊಸ ಮೆಮೊರಿ ಹಾಕಿ, ಲೆಕ್ಕ ನಡೆಯುವ ಜಾಗವೂ ಉಳಿಯುವ ಜಾಗವೂ ಒಂದೇ ಆಗುವಂತೆ ಪ್ರೋಗ್ರಾಂ ಬರೆದೆವು. ಅವರು ಬಂದರು, ಮಾತಿನಂತೆ ಪ್ಲಗ್ ಕಿತ್ತರು, ಮತ್ತೆ ಹಾಕಿದರು. ಲೆಕ್ಕ ಎದ್ದು ಕೂತಿತು. ಆದರೆ ತೆರೆಯ ಮೇಲಿನ ನಕ್ಷೆಯಲ್ಲಿ ಹೊಸಕೋಟೆಯ ಮೇಲಿದ್ದ ಮೋಡ ಅರ್ಧಕ್ಕೇ ಕತ್ತರಿಸಿಹೋಗಿತ್ತು.

"ನೋಡಿದ್ರಾ? ನಾನ್ ಹೇಳ್ಲಿಲ್ವಾ?" ಎಂದು ಹೊರಟುಹೋದರು.

ಗೆಳತಿಯ ಮುಖ ಸಪ್ಪಗಾಯಿತು. "ಬಿಟ್ಬಿಡೋಣ ಕಣೇ."

"ಅರ್ಧ ಮೋಡ ಉಳ್ಕೊಂಡಿದೆ ಅಂದ್ರೆ ದಾರಿ ಸರಿಯಾಗೇ ಇದೆ ಕಣೇ," ಎಂದೆ. ಹಾಗಂದೆನಾದರೂ ನನಗೂ ಒಳಗೊಳಗೇ ಅಳುಕಿತ್ತು.

ವಾರಗಟ್ಟಲೆ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಕೆಲವು ಅಂಕಿಗಳು ಲೆಕ್ಕ ಮಾಡುವ ಪ್ರೊಸೆಸರಿನಿಂದ ಮೆಮೊರಿಗೆ ಇನ್ನೂ ದಾರಿಯಲ್ಲಿದ್ದಾಗಲೇ "ಎಲ್ಲ ತಲುಪಿತು" ಎಂಬ ಗುರುತು ಮುಂದೆ ಹೋಗಿ ಕೂತುಬಿಡುತ್ತಿತ್ತು. ಮೊದಲು ಅಂಕಿಗಳು ತಲುಪಬೇಕು, ಆಮೇಲಷ್ಟೇ ಗುರುತು. ಹಾಗೆ ತಿದ್ದಿ ಮುಖ್ಯಸ್ಥರನ್ನು ಮತ್ತೆ ಕರೆದೆವು.

ಈ ಸಲ ಅವರು ಹೊಸ ಮೆಮೊರಿ ಹಾಕಿದ್ದ ಕಂಪ್ಯೂಟರ್‌ಗಳ ಒಂದಿಡೀ ಸಾಲಿನ ಕರೆಂಟ್ ತೆಗೆದರು. ಫ್ಯಾನುಗಳ ಸದ್ದು ಅಡಗಿತು. ಗೆಳತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕರೆಂಟ್ ಬಂದ ಕೂಡಲೇ ಲೆಕ್ಕ ಒಂದು ಫೈಲನ್ನೂ ತೆರೆಯದೆ, ನಿಂತಿದ್ದ ಹೆಜ್ಜೆಯಿಂದಲೇ ಮುಂದಕ್ಕೆ ಹೊರಟಿತು. ಅದನ್ನು, ಮೊದಲೇ ಎಲ್ಲೂ ತಡೆಯದೆ ಓಡಿಸಿಟ್ಟಿದ್ದ ಅದೇ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದೆವು. ಒಂದಂಕಿಯೂ ಬೇರೆಯಿರಲಿಲ್ಲ.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇನ್ನೊಂದ್ಸಲ ಕೀಳ್ಲಾ?"

"ಎಷ್ಟ್ ಸಲ ಬೇಕಾದ್ರೂ ಕೀಳಿ ಸಾರ್!" ಎಂದಳು ಗೆಳತಿ.

ಕಿತ್ತರು. ಮತ್ತೆ ಹಾಗೆಯೇ ಎದ್ದು ಓಡಿತು. ಆಗ ಅವರೇ ಮೊದಲು ಚಪ್ಪಾಳೆ ತಟ್ಟಿ, "ಪೂರ್ತಿ ಯಂತ್ರಕ್ಕೆ ಹಾಕೋಣಮ್ಮ, ಒಪ್ಪಿಗೆ ನಾನು ಬರೆದುಕೊಡ್ತೀನಿ," ಎಂದರು.

ಸಂಜೆ ಪಕ್ಕದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಗೆಳತಿ ತನ್ನಮ್ಮನಿಗೆ ಫೋನಿನಲ್ಲಿ, "ಗೆದ್ಬಿಟ್ವಿ ಕಣಮ್ಮಾ!" ಎಂದು ಕೂಗಿದ ರಭಸಕ್ಕೆ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಯಾರಮ್ಮ ಗೆದ್ದಿದ್ದು?" ಎಂದರು ಕಂಡಕ್ಟರ್.

"ನಾವು ಕಣಣ್ಣಾ," ಎಂದೆ. "ನಾವೇ ಗೆದ್ದಿದ್ದು!"