ಶಾಂತಾಳ ಒಡಪು

ಶಾಂತಾ, ನಿನ್ನ ಚೊಚ್ಚಲ ಬಸಿರಿನ ಕುಬಸದ ದಿನ ನಾನು ಹೇಳಿದ ಒಡಪು ನನ್ನದಲ್ಲ, ನಿನ್ನದು. ಗೊತ್ತಿದ್ದೂ ಗೊತ್ತಿದ್ದೂ ಕದ್ದೆ. ಇಷ್ಟು ಬರೆಯಲು ಮೂವತ್ತು ವರ್ಷ ಬೇಕಾಯಿತು — ನನ್ನ ಬಾಯಿಗೆ ಮಣ್ಣು ಬೀಳಲಿ!

ಕುಲಗೋಡದ ನಮ್ಮ ಮನೆಗೆ ಕಿರಿ ಸೊಸೆಯಾಗಿ ಬಂದಾಗ ನಿನಗೆ ಕನ್ನಡ ಬರುತ್ತಿರಲಿಲ್ಲ. ನಿಮ್ಮ ಅಜ್ಜ ಹುಕ್ಕೇರಿ ಬಿಟ್ಟು ಕೊಲ್ಹಾಪುರದಲ್ಲಿ ಅಂಗಡಿ ಹಾಕಿದ ಮೇಲೆ ಮನೆಮಂದಿಯೆಲ್ಲ ಮರಾಠಿಗೆ ಹೊರಳಿದ್ದರು. ಕನ್ನಡ ನಿಮ್ಮ ಅಜ್ಜಿಯೊಬ್ಬರ ಬಾಯಲ್ಲಿ ಉಳಿದಿತ್ತು. ಅವರ ಜೊತೆ ಆಡುವವರಿರಲಿಲ್ಲ. "ಅಕ್ಕಾ, ಅಜ್ಜಿ ಜೋಡಿ ಮಾತಾಡಾಕ ನನಗ ಕಲಸ್ರಿ" ಎಂದು ನಿನ್ನ ಮರಾಠಿಯಲ್ಲೇ ಹಿರಿ ಸೊಸೆಯಾದ ನನಗೆ ಗಂಟುಬಿದ್ದೆ. ರೊಟ್ಟಿ ಬಡಿಯುತ್ತ ಕಲಿಸಿದೆ. ತಪ್ಪಿದಾಗ ನಕ್ಕೆ, ನೀನೂ ನಗುತ್ತಿದ್ದೆ. ಒಡಹುಟ್ಟಿದವಳಿಗಿಂತ ಹೆಚ್ಚು ನಿನ್ನನ್ನು ಹಚ್ಚಿಕೊಂಡಿದ್ದೆ — ಇದು ಖರೆ. ಹಾಗಾದರೆ ಆಮೇಲೆ ಮಾಡಿದ್ದು?

ಕುಬಸಕ್ಕೆ ಅಜ್ಜಿ ಬರುತ್ತಾರೆಂದು ತಿಳಿದಾಗ, ಗಂಡನ ಹೆಸರು ಹೇಳಲು ನೀನೇ ಒಂದು ಒಡಪು ಕಟ್ಟಿದೆ. ಅಜ್ಜಿ ನಿನ್ನ ಬಾಯಿಂದ ಕೇಳುವ ಮೊದಲ ಕನ್ನಡ ಅದೇ ಆಗಬೇಕೆಂದು ನಿನಗೆ ಹಟ. ಎಂಟು ದಿನ ಒಲೆಯ ಮುಂದೆ ನನಗೊಬ್ಬಳಿಗೇ ಒಪ್ಪಿಸಿದೆ:

"ಅಜ್ಜಿ ಆಡೂ ಮಾತು ಉಡಿ ತುಂಬ ಮುತ್ತು,
ಈರಪ್ಪನವರ ಹೆಸರು ಹೇಳತೇನಿ ಇವತ್ತು."

ಅದೇ ವಾರ ಅತ್ತೆಯವರು, "ಸಣ್ಣಾಕಿ ಮಾತು ಕೇಳಿದ್ರ ಹೊಟ್ಟಿ ತುಂಬತೈತಿ ನೋಡು" ಅಂದಿದ್ದರು. ನಾನು ಬಂದು ಏಳು ವರ್ಷವಾಗಿತ್ತು, ನನ್ನ ಮಾತಿಗೆ ಯಾರ ಹೊಟ್ಟೆಯೂ ತುಂಬಿರಲಿಲ್ಲ. ಹೊಟ್ಟೆಕಿಚ್ಚೇ? ಇರಬಹುದು. ಅಷ್ಟೇ ಅಲ್ಲ ಅನಿಸುತ್ತದೆ — ಮತ್ತೇನು ಅಂದರೆ ಹೇಳಲು ಬರುವುದಿಲ್ಲ.

ಅಜ್ಜಿ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲಿಳಿದು ಚಕ್ಕಡಿಯಲ್ಲಿ ಬಂದರು. ಆರತಿ ಮುಗಿಯುತ್ತಲೇ ಹೆಂಗಸರು, "ಹಿರಿ ಸೊಸಿ ಮೊದಲ ಹೇಳಲಿ!" ಎಂದು ಹಿಡಿದರು. ನನ್ನ ಹಳೆಯ ಒಡಪು ನಾಲಗೆಯ ತುದಿಯಲ್ಲೇ ಇತ್ತು. ಆದರೂ ನಿನ್ನದನ್ನೇ ಹೇಳಿದೆ, ಈರಪ್ಪನ ಹೆಸರಿದ್ದಲ್ಲಿ ನನ್ನ ಗಂಡನ ಹೆಸರಿಟ್ಟು. ಹೇಳುವಾಗ ನಿನ್ನ ಕಡೆ ನೋಡಲಿಲ್ಲ.

ನಿನ್ನ ಸರದಿ ಬಂತು. ಬಾಯಿ ತೆರೆದೆ, ಮುಚ್ಚಿದೆ. "ಮಾತು ಕೊಲ್ಹಾಪುರದಾಗ ಬಿಟ್ಟ ಬಂದಿ ಏನವಾ?" ಎಂದು ಯಾರೋ ನಕ್ಕರು. ಗಾಬರಿಯಲ್ಲಿ ಮರಾಠಿಯವೇ ಎರಡು ಸಾಲು ಹೇಳಿ ತಲೆ ತಗ್ಗಿಸಿದೆ. ಅಜ್ಜಿ ನನ್ನ ಗಲ್ಲ ಸವರಿ ಲಟಿಗೆ ಮುರಿದು, "ಎಷ್ಟ ಚಂದ ಹೇಳಿದಿ ನನ್ನವ್ವಾ! ನಮ್ಮ ಕೂಸಿಗೆ ಇಷ್ಟ ಬಂದಿದ್ರ ಸಾಕಾಗಿತ್ತು" ಅಂದರು.

ಆಮೇಲೆ ಅವರ ಮುಂದೆ ನಿನಗೆ ಕನ್ನಡ ಹೊರಡಲೇ ಇಲ್ಲ. ಮರುದಿನ ಹೊರಟರು. ಚಕ್ಕಡಿ ಹೂಡುವವರೆಗೂ ಹೊತ್ತಿತ್ತು. ಒಂದು ಮಾತು ಸಾಕಿತ್ತು, ನಾನು ಆಡಲಿಲ್ಲ. ಆ ಬೇಸಿಗೆಯಲ್ಲೇ ತೀರಿಕೊಂಡರೆಂದು ಕಾಗದ ಬಂತು.

ನೀನು ಒಮ್ಮೆಯೂ ಕೇಳಲಿಲ್ಲ. ಬೈದಿದ್ದರೆ... ಇಂದಿಗೂ ಮದುವೆಮನೆಗಳಲ್ಲಿ ಒಡಪು ಕೇಳಿದರೆ, "ಅಕ್ಕಾರು ಹೇಳ್ತಾರ, ಅವರದು ಚಲೋ ಐತಿ" ಅನ್ನುತ್ತೀ. ಅದು ಮುನಿಸೋ, ಕ್ಷಮೆಯೋ ತಿಳಿಯದೆ ನಾನು ಅದನ್ನೇ ಹೇಳುತ್ತ ಬಂದೆ.

ಇನ್ನು ಹೇಳುವುದಿಲ್ಲ. ಅದು ಯಾರದೆಂದು ಊರ ಹೆಂಗಸರಿಗೆಲ್ಲ ಹೇಳುತ್ತೇನೆ. ಆದರೆ ಮೊಮ್ಮಗಳಿಗೆ ತನ್ನ ಮಾತು ಬರಲೇ ಇಲ್ಲವೆಂದುಕೊಂಡು ಹೋದ ಆ ಜೀವಕ್ಕೆ — ಅವರಿಗೆ ಹೇಗೆ ಹೇಳಲಿ, ಶಾಂತಾ?