ಇಳಿಜಾರಿನಲ್ಲಿ ಎಂಜಿನ್ ಆರಿಸುವ ಅಪ್ಪ

ನಮ್ಮಪ್ಪನಿಗೆ ಇಳಿಜಾರು ಕಂಡರೆ ಕೈ ಸುಮ್ಮನಿರುವುದಿಲ್ಲ. ಕಲ್ಲಟ್ಟಿಯಿಂದ ಮಸಿನಗುಡಿಗೆ ತರಕಾರಿ ಹೇರಿಕೊಂಡು ಹೊರಟರೆ, ಘಾಟಿ ಶುರುವಾಗುವುದೇ ತಡ, ಜೀಪಿನ ಸ್ಟಾಪ್ ಗುಂಡಿ ಎಳೆದು ಎಂಜಿನ್ ಆರಿಸಿ ಗೇರನ್ನು ನ್ಯೂಟ್ರಲ್‌ಗೆ ತಳ್ಳಿಬಿಡುತ್ತಿದ್ದ. ಇಳಿಜಾರಲ್ಲಿ ಡೀಸೆಲ್ ಸುಡುವವನಷ್ಟು ದಡ್ಡ ಇನ್ನೊಬ್ಬನಿಲ್ಲ ಅನ್ನುವುದು ಅವನ ವೇದವಾಕ್ಯ. ಗುಂಡ್ಲುಪೇಟೆ ಕಡೆಯಿಂದ ಈ ಬೆಟ್ಟಕ್ಕೆ ಬಂದು ಕ್ಯಾರೆಟ್ ಬೆಳೆದ ನಮ್ಮವರೆಲ್ಲ ಹೀಗೇ ಇಳಿದವರು. ಎರಡನೇ ಗೇರಿನಲ್ಲೇ ಇಳಿಯಿರಿ ಎಂದು ಘಾಟಿಯ ಬೋರ್ಡು ಬೇಡಿಕೊಳ್ಳುತ್ತದೆ. ಅದು ಟೂರಿಸ್ಟುಗಳಿಗೆ ಬರೆದದ್ದು ಅನ್ನುತ್ತಾನೆ ಅಪ್ಪ.

ಆ ಹಳೆಯ ಜೀಪಿನ ಬ್ರೇಕು ಬಲಗಾಲಿನ ಪೂರ್ತಿ ಬಲವನ್ನು ಕೇಳುತ್ತಿತ್ತು. ಅಪ್ಪನ ಬಲಮಂಡಿ ಸವೆದುಹೋಗಿತ್ತು. ಗಾಡಿ ಓಡಿಸುವುದು ಬಿಡಿ ಎಂದರು ಡಾಕ್ಟರು. ಅಪ್ಪ ಡಾಕ್ಟರನ್ನೇ ಬಿಟ್ಟ. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಜೀಪು ಕಸಿದುಕೊಂಡರೆ ಅಪ್ಪ ಮೂಲೆ ಹಿಡಿಯುತ್ತಾನೆ, ಕಸಿಯದಿದ್ದರೆ ಒಂದು ದಿನ ಕಣಿವೆ ಸೇರುತ್ತಾನೆ. ಅದಕ್ಕೇ ಕೊಯಮತ್ತೂರಿನ ಗುಜರಿಯಿಂದ ಪವರ್ ಬ್ರೇಕಿನ ಸಾಮಾನು ಆರಿಸಿ ತಂದೆ. ಪೆಡಲಿನ ಮುಂದೆ ಕೂರಿಸುವ ತಗಡಿನ ದಪ್ಪ ಡಬ್ಬಿ ಅದು, ಬೂಸ್ಟರ್. ಎಂಜಿನ್ ಓಡುತ್ತಿದ್ದರೆ ಕಾಲಿನ ಕೆಲಸ ಮುಕ್ಕಾಲುಪಾಲು ಅದೇ ಮಾಡುತ್ತದೆ.

ಮನೆ ಪಕ್ಕದ ಶೆಡ್ಡಿನಲ್ಲಿ ಆಲೂಗಡ್ಡೆ ಮೂಟೆಗಳನ್ನು ಸರಿಸಿ ಕೆಲಸ ನಡೆಸಿದೆ. ಕೊನೆಗೆ ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವುದಿತ್ತು. ಅದಕ್ಕೆ ಇಬ್ಬರು ಬೇಕು. ಅಪ್ಪ ಸೀಟಿನಲ್ಲಿ, ನಾನು ಚಕ್ರದ ಕೆಳಗೆ. ನಾನು "ಒತ್ತು" ಅಂದಾಗ ಒತ್ತಬೇಕು, "ಬಿಡು" ಅಂದಾಗ ಬಿಡಬೇಕು. ಜನ್ಮದಲ್ಲಿ ಯಾರ ಮಾತೂ ಕೇಳದವನು ಸಂಜೆಯವರೆಗೆ ಮಗಳ ಮಾತಿಗೆ ಒತ್ತಿದ, ಬಿಟ್ಟ. ಆಮೇಲೆ ಎಂಜಿನ್ ಆರಿಸಿ ಪೆಡಲ್ ಒತ್ತಿಸಿ ತೋರಿಸಿದೆ. ಡಬ್ಬಿಯಲ್ಲಿ ಉಳಿದಿದ್ದ ಬಲಕ್ಕೆ ಮೊದಲೆರಡು ಸಲ ಮೆತ್ತಗೆ ಹೋಯಿತು, ಅದು ಮುಗಿದ ಮೇಲೆ ಕಲ್ಲಾಯಿತು. ಘಾಟಿಯಲ್ಲಿ ಇನ್ನು ಎಂಜಿನ್ ಆರಿಸುವ ಹಾಗಿಲ್ಲ ಎಂದು ಬಿಡಿಸಿ ಹೇಳಿದೆ. ಹೂಂ ಅಂದ. ಅಪ್ಪನ ಹೂಂ ಎಷ್ಟು ಗಟ್ಟಿ ಅಂತ ಮನೆಯವರಿಗೆಲ್ಲ ಗೊತ್ತು.

ಮಾರನೆಯ ಬೆಳಿಗ್ಗೆ ಹಿಂದೆ ಕ್ಯಾರೆಟ್ ಮೂಟೆಗಳು, ಮುಂದೆ ನಾವಿಬ್ಬರು, ಸ್ಟೀರಿಂಗ್ ಅಪ್ಪನ ಕೈಯಲ್ಲಿ. ಮೊದಲ ತಿರುವುಗಳಲ್ಲಿ ಹೆಬ್ಬೆರಳಲ್ಲಿ ಒತ್ತಿದಷ್ಟು ಹಗುರಾಗಿ ಬ್ರೇಕು ಹಿಡಿಯಿತು. ಅಪ್ಪನ ಮುಖ ಅರಳಿತು. ನಾನೂ ಉಬ್ಬಿಹೋಗಿ ರಸ್ತೆ ನೋಡುತ್ತಾ ಕೂತೆ. ಆಗ ಸದ್ದು ನಿಂತಿತು. ಟೈರಿನ ಸರಸರ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

"ಅಪ್ಪ, ಎಂಜಿನ್ ಯಾಕೆ ಆರಿಸ್ದೆ?"

"ಇಳಿಜಾರು ಕಣಮ್ಮಿ. ಬ್ರೇಕು ಬೆಣ್ಣೆ ಇದ್ದಂಗೆ ಅದೆಯಲ್ಲ, ಸುಮ್ಕಿರು."

ಮುಂದಿನ ತಿರುವಿಗೆ ಒಂದು ಸಲ ಒತ್ತಿದ, ಹಿಡಿಯಿತು. ಎದುರಿಗೆ ಬಂದ ಬೈಕಿಗೆ ಇನ್ನೊಂದು ಸಲ ಒತ್ತಿದ, ಅರ್ಧ ಹಿಡಿಯಿತು. ಮೂರನೆಯ ಸಲ ಅಪ್ಪನ ಮೈಯೇ ಸೀಟಿನಿಂದ ಮೇಲೆದ್ದಿತು, ಪೆಡಲ್ ಕೆಳಗೆ ಹೋಗಲಿಲ್ಲ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಮೂಟೆಗಳ ಭಾರದ ಮುಂದೆ ಅದು ಯಾವ ಲೆಕ್ಕ? ಮುಂದಿನ ತಿರುವಿನಾಚೆ ಬರೀ ಮರದ ತುದಿಗಳು ಕಾಣುತ್ತಿದ್ದವು. ಇಲ್ಲಿಗೆ ಮುಗಿಯಿತು ಅನ್ನಿಸಿತು.

ಡೀಸೆಲ್ ಮತ್ತೆ ಹರಿಯಲೆಂದು ಸ್ಟಾಪ್ ಗುಂಡಿಯನ್ನು ಒಳಕ್ಕೆ ಗುದ್ದಿ ಗೇರಿನ ಕೋಲು ಹಿಡಿದೆ.

"ಕ್ಲಚ್ ಒತ್ತು."

ಶೆಡ್ಡಿನಲ್ಲಿ ಒತ್ತಿದ ಹಾಗೇ, ಯಾಕೆ ಏನು ಎಂದು ಕೇಳದೆ, ಒತ್ತಿದ. ಎರಡೂ ಕೈಯಲ್ಲಿ ಕೋಲನ್ನು ಮೂರನೇ ಗೇರಿಗೆ ದಬ್ಬಿದೆ. ಗೇರ್‌ಬಾಕ್ಸ್ ಕರ್ರೆಂದು ಕೂಗಿ ಕಚ್ಚಿಕೊಂಡಿತು.

"ಬಿಡು."

ಬಿಟ್ಟ. ಜೀಪು ಮುಗ್ಗರಿಸಿದಂತಾಗಿ, ಉರುಳುವ ಚಕ್ರಗಳ ಬಲಕ್ಕೇ ಎಂಜಿನ್ ಮತ್ತೆ ಹೊತ್ತಿ ಗುಡುಗಿತು, ವೇಗ ತಗ್ಗಿತು. "ಈಗ ಬ್ರೇಕ್ ಒತ್ತು" ಅಂದೆ. ಪೆಡಲ್ ಇಳಿಯಿತು. ಬೆಟ್ಟದ ಪಕ್ಕದ ಚರಂಡಿಗೆ ಒಂದು ಚಕ್ರ ಇಳಿಸಿಕೊಂಡು, ತಿರುವಿಗೆ ಮೊದಲೇ ನಿಂತೆವು.

ಬಾಯಿಗೆ ಬಂದಂತೆ ಬೈದೆ. ಅಪ್ಪ ಎಂಜಿನ್ ಓಡುತ್ತಿರುವಂತೆಯೇ ಇಳಿದು, ಕುಂಟುತ್ತಾ ಸುತ್ತಿಬಂದು ನನ್ನ ಬಾಗಿಲ ಬಳಿ ನಿಂತ. ಜಾಗ ಬದಲಿಸು ಅನ್ನುವುದು ಅವನ ಅರ್ಥ. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವನು ಓಡಿಸಲಿ ಅಂತ ತಾನೇ ನಾನು ಇಷ್ಟು ದಿನ ಗ್ರೀಸ್ ಬಳಿದುಕೊಂಡದ್ದು?

"ನೀನೇ ಓಡ್ಸಪ್ಪ," ಅಂದೆ. "ಎಂಜಿನ್ ಮಾತ್ರ ಆರಿಸ್ಬೇಡ."

ಅಪ್ಪ ವಾಪಸು ಹೋಗಿ ತನ್ನ ಸೀಟಿನಲ್ಲಿ ಕೂತ. ಉಳಿದ ಘಾಟಿಯನ್ನೆಲ್ಲ ಎರಡನೇ ಗೇರಿನಲ್ಲಿ, ಟೂರಿಸ್ಟಿನ ಹಾಗೆ ಇಳಿಸಿದ. ಮಸಿನಗುಡಿಯ ಅಂಗಡಿ ಮುಂದೆ ಜೀಪು ನಿಲ್ಲಿಸಿದಾಗ ಅವನ ಕೈ ಅಭ್ಯಾಸದಂತೆ ಸ್ಟಾಪ್ ಗುಂಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಅಪ್ಪ ನನ್ನ ಕಡೆ ತಿರುಗಿದ.

"ಈಗ ಎಳೀಲಾ?"

ಅಪ್ಪ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಎಳಿ ಅಂತ ತಲೆಯಾಡಿಸಿದೆ.