ಮೂವತ್ತೆರಡು ಹಸಿರು ಬಕೆಟ್

ತೊಂಬತ್ತರ ದಶಕದ ಕೊನೆಯಲ್ಲಿ ಗವಿಪುರದ ನಮ್ಮ ರಸ್ತೆಯವರು ಕಸ ಬೇರೆ ಮಾಡಲು ತೀರ್ಮಾನಿಸಿದರು. ಹಸಿ ಕಸಕ್ಕೆ ಬಕೆಟ್, ಒಣ ಕಸಕ್ಕೆ ಕವರು. ಆಗ ನಾನು ಕಾಲೇಜಿನಲ್ಲಿದ್ದೆ. ಡೈರಿ ಬರೆಯುವವಳೆಂದು ಲೆಕ್ಕ ಇಡುವ ಕೆಲಸ ನನಗೇ ಬಂತು. ಗಾಂಧಿ ಬಜಾರಿನಿಂದ ಹಸಿರು ಬಕೆಟ್ ತರಿಸಿ ಮನೆಗೊಂದರಂತೆ ಹಂಚಿದೆವು. ಒಬ್ಬರೂ ಬೇಡವೆನ್ನಲಿಲ್ಲ. ಡೈರಿಯಲ್ಲಿ ೩೨ಕ್ಕೆ ೩೨ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಸೋಮವಾರ ಬೆಳಿಗ್ಗೆ ಗೇಟುಗಳ ಮುಂದೆ ಎಣಿಸಿದೆ. ನಾಲ್ಕು. ಮಂಗಳವಾರ ಮೂರು. ಉಳಿದವರ ಕಸ ಎಂದಿನಂತೆ ಒಂದೇ ಕವರಿನಲ್ಲಿ ಬಂತು. ಕಸದ ಗಾಡಿ ತಳ್ಳುವ ಹೆಂಗಸು ರಸ್ತೆ ತುದಿಯಲ್ಲಿ ಕೂತು ಒಂದೊಂದೇ ಕವರು ಬಿಚ್ಚಿ ಕೈಯಲ್ಲೇ ಬೇರೆ ಮಾಡುತ್ತಿದ್ದರು. ಬ್ಲೇಡು ಕೊಯ್ದ ಬೆರಳಿಗೆ ಬಟ್ಟೆ ಸುತ್ತಿತ್ತು. ಅದನ್ನು ತಪ್ಪಿಸಲೆಂದೇ ನಾವು ಇಷ್ಟೆಲ್ಲ ಮಾಡಿದ್ದು.

ಬುಧವಾರ ಮನೆಮನೆಗೆ ಹೋಗಿ ಕೇಳಿದೆ. "ನಾಳೆಯಿಂದ ಇಡ್ತೀವಮ್ಮ, ಒಳಗ್ ಬಾ" ಎಂದು ಕಾಫಿ ಕೊಟ್ಟರು. ಅಂದಿನ ಡೈರಿ: ಕಾಫಿ ಆರು, ಬಕೆಟ್ ಮೂರು.

ಮನೆಗೆ ಬಂದು ನೀರು ಕುಡಿಯಲು ಅಡುಗೆಮನೆಗೆ ಹೋದರೆ ನಮ್ಮ ಹಸಿರು ಬಕೆಟ್ಟಿನ ತುಂಬ ಕಾವೇರಿ ನೀರು, ಮೇಲೊಂದು ತಟ್ಟೆ.

"ಅಮ್ಮ, ಇದು ಕಸಕ್ಕೆ!"

"ನಲ್ಲಿ ಬರೋದೇ ದಿನ ಬಿಟ್ಟು ದಿನ. ಇಷ್ಟ್ ಚೆನ್ನಾಗಿರೋ ಬಕೆಟ್‌ಗೆ ಸಿಪ್ಪೆ ಹಾಕೋಕೆ ಮನಸ್ಸಾದ್ರೂ ಹೇಗ್ ಬರುತ್ತೆ ಕಣೇ?"

ಬೇರೆಯವರ ಗೇಟು ಎಣಿಸುವ ಭರದಲ್ಲಿ ನಮ್ಮ ಮನೆಯದು ಇದ್ದೇ ಇರುತ್ತದೆಂದು ನೋಡದೆಯೇ ಸೇರಿಸಿದ್ದೆ. ಮೂರನ್ನು ಹೊಡೆದು ಎರಡು ಮಾಡಿದೆ.

ಮರುದಿನ ಗಾಡಿಯಮ್ಮನಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು.

"ಏನ್ ತಾಯಿ, ಓದ್ದೋರು ನೀವು! ಹೊಸಾ ಬಕೆಟ್ ನಾನೂ ಕಸಕ್ಕೆ ಇಡಕಿಲ್ಲ. ಸೀಳಿರೋದು ಎಲ್ರ ಮನೇಲೂ ಒಂದಿರ್ತದೆ, ಬಿಸಾಕಿರಲ್ಲ. ಅದನ್ ಕೇಳಿ."

ಮತ್ತೆ ಮನೆಮನೆಗೆ ಹೋದೆ. ಹಸಿರು ಬಕೆಟ್ ನೀವೇ ಇಟ್ಟುಕೊಳ್ಳಿ, ಕಸಕ್ಕೆ ಹಳೆಯದನ್ನು ಇಡಿ ಎಂದೆ. ಎಲ್ಲರಿಗೂ ಒಂದು ಭಾರ ಇಳಿದಂತಾಯಿತು. ಹಿಡಿ ಕಿತ್ತದ್ದು, ಅಂಚು ಸೀಳಿದ್ದು, ತಳಕ್ಕೆ ಟಾರು ಮೆತ್ತಿದ್ದು, ಅಟ್ಟದಿಂದಲೂ ಬಚ್ಚಲ ಹಿಂದಿನಿಂದಲೂ ಹೊರಬಂದವು. ನಮ್ಮಮ್ಮ ಕೊಟ್ಟದ್ದು ನಾನು ಮಗುವಾಗಿದ್ದಾಗ ನನಗೆ ಸ್ನಾನ ಮಾಡಿಸುತ್ತಿದ್ದ ಬಕೆಟ್ಟಂತೆ.

ಮುಂದಿನ ಸೋಮವಾರ ಎಣಿಸಿದೆ, ನಮ್ಮದನ್ನು ಕಣ್ಣಾರೆ ನೋಡಿ ಸೇರಿಸಿ. ಇಪ್ಪತ್ತಾರು. ಗಾಡಿಯಮ್ಮನಿಗೆ ಬಿಚ್ಚಲು ಉಳಿದದ್ದು ಆರೇ ಕವರು. ಹತ್ತಕ್ಕೆ ಮುಗಿಯುತ್ತಿದ್ದ ನಮ್ಮ ರಸ್ತೆ ಅಂದು ಎಂಟೂವರೆಗೆ ಮುಗಿಯಿತು.